ಎಣ್ಣೆಗೆ ಬಲಿಯಾಗುವ ಸಾಂಡಾ

ರಾಜಸ್ಥಾನ, ಗುಜರಾತ್‌ಗಳ ಮರುಭೂಮಿಯಲ್ಲಿ ಬಿಲ ತೋಡಿ ಬದುಕುವ ದೊಡ್ಡ ಹಲ್ಲಿಯೇ ಸಾಂಡಾ. ಬಾಲದ ತುಂಬ ಸಾಲುಸಾಲು ಮುಳ್ಳು. ನೋಡಲು ಭಯಂಕರವಾದರೂ ಇದು ಸಾಧುಪ್ರಾಣಿ. ಸೊಪ್ಪು, ಹೂವುಗಳೇ ಇದರ ಮುಖ್ಯ ಆಹಾರ. ಮರಿಗಳು ಕೀಟಗಳನ್ನೂ ತಿನ್ನುತ್ತವೆ.

ರಾತ್ರಿ ಬಿಲದ ಬಾಯನ್ನು ಮಣ್ಣಿನಿಂದ ಮುಚ್ಚಿಕೊಂಡು ಒಳಗೆ ಮಲಗುತ್ತದೆ. ಚಳಿಗಾಲವನ್ನೆಲ್ಲ ಬಿಲದಲ್ಲೇ ನಿದ್ರೆಯಲ್ಲಿ ಕಳೆಯುತ್ತದೆ. ಆಗ ಅದನ್ನು ಬದುಕಿಸುವುದು ಬಾಲದ ಬುಡದಲ್ಲಿ ಶೇಖರವಾದ ಕೊಬ್ಬು.

ಆ ಕೊಬ್ಬೇ ಅದಕ್ಕೆ ಮೃತ್ಯುವೂ ಆಗಿದೆ. ಕೊಬ್ಬನ್ನು ಕರಗಿಸಿ ತೆಗೆದ ಎಣ್ಣೆ ಕೀಲುನೋವಿಗೆ ಮದ್ದೆಂದು ರಸ್ತೆಬದಿಯಲ್ಲಿ ಮಾರುವವರಿದ್ದಾರೆ. ಈ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಸಾಂಡಾವನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಮರುಭೂಮಿಯ ಹದ್ದು, ನರಿಗಳಿಗೆ ಸಾಂಡಾ ಆಹಾರ. ಇದು ಅಳಿದರೆ ಅವುಗಳ ಹೊಟ್ಟೆಗೂ ಪೆಟ್ಟು. ಎಣ್ಣೆ ಕೊಳ್ಳುವವರು ಇಲ್ಲವಾದರೆ ಹಿಡಿಯುವವರೂ ಇರುವುದಿಲ್ಲ.