ಕಬಡ್ಡಿ ದಾಳಿಗಾರನ ಮೊಣಕಾಲು

2022ರ ಅಕ್ಟೋಬರ್ 8ರಂದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪವನ್ ಸೆಹ್ರಾವತ್ ಮೊಣಕಾಲು ಹಿಡಿದು ಕುಸಿದರು. ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷ ರೂಪಾಯಿ ತೆತ್ತು ಕೊಂಡಿದ್ದ ಈ ದಾಳಿಗಾರನಿಗೆ ಅದು ಆ ಋತುವಿನ ಮೊದಲ ಪಂದ್ಯ. ವಿಚಿತ್ರವೆಂದರೆ, ಪೆಟ್ಟಾದದ್ದು ದಾಳಿಯಲ್ಲಲ್ಲ, ಎದುರಾಳಿಯನ್ನು ಹಿಡಿಯಹೋದಾಗ. 2019ರ ಜನವರಿಯ ಅಂತಿಮ ಪಂದ್ಯದಲ್ಲಿ ಒಬ್ಬರೇ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ತಂದುಕೊಟ್ಟವರು ಇವರೇ.

ನಮ್ಮ ನೇಮಕಲ್ಲಿನಂತಹ ಊರುಗಳಲ್ಲಿ ಆಡುವ ಹುಡುಗನ ಕಾಲು ಹೊರಳಿದರೆ ಎಣ್ಣೆ ತಿಕ್ಕಿ, ಎಳೆದು, ಮರುದಿನವೇ ಅಂಗಳಕ್ಕೆ ಬಿಡುವುದುಂಟು. ಕರಾರುಪತ್ರ ಓದುವುದು ವಕೀಲನಾದ ನನ್ನ ಕಸುಬು. ಊದಿದ ಮೊಣಕಾಲನ್ನು ಓದಬಲ್ಲವರು ಮೂಳೆ ವೈದ್ಯರು ಮಾತ್ರ. ಕೋಟಿಗಳ ಬೆಲೆಯ ಪವನ್ ಕೂಡ ಇಡೀ ಋತು ಹೊರಗುಳಿಯಬೇಕಾಯಿತು.

ಮರುವರ್ಷ ಅಕ್ಟೋಬರ್ 7ರಂದು, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಅವರ ನಾಯಕತ್ವದ ಭಾರತ ಇರಾನನ್ನು 33–29ರಿಂದ ಮಣಿಸಿ ಚಿನ್ನ ಗೆದ್ದಿತು. ಕೆಲವೇ ದಿನಗಳಲ್ಲಿ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷಕ್ಕೂ ಮಿಗಿಲಾದ ಬೆಲೆಗೆ ಅವರನ್ನು ಕೊಂಡಿತು. ಅವರು 200ಕ್ಕೂ ಹೆಚ್ಚು ದಾಳಿ ಅಂಕ ಗಳಿಸಿದರು. ತಂಡ ಮಾತ್ರ ಪಟ್ಟಿಯ ಕೊನೆಯಲ್ಲೇ ಉಳಿಯಿತು.