ರೂಪಾಂತರದ ದರ್ಜೆ: ನಕ್ಷೆಯಲ್ಲಿ ಗೆರೆ ಎಲ್ಲಿ?

ಶೇಲ್ ಸ್ಲೇಟ್ ಆಗುತ್ತದೆ, ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ. ರೂಪಾಂತರ ಶಿಲೆಗಳ ಪಾಠ ಸಾಮಾನ್ಯವಾಗಿ ಇಂಥ ಜೋಡಿಗಳಲ್ಲೇ ಮುಗಿಯುತ್ತದೆ. ಶಿಲೆ ಎಷ್ಟು ಬದಲಾಗಿದೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಇಲ್ಲ. ಈ ‘ಎಷ್ಟು’ ಎಂಬುದೇ ರೂಪಾಂತರದ ದರ್ಜೆ. ಅದನ್ನು ಕಲಿಸಲು ಕರ್ನಾಟಕದ ನಕ್ಷೆಯೇ ಒಳ್ಳೆಯ ಪಾಠೋಪಕರಣ ಎಂಬುದು ನನ್ನ ಅನಿಸಿಕೆ.

ದರ್ಜೆಯನ್ನು ತಿಳಿಸುವುದು ಖನಿಜಗಳು. ಜೇಡಿಮಣ್ಣಿನಿಂದಾದ ಶಿಲೆಗಳಲ್ಲಿ ಶಾಖ ಹೆಚ್ಚಿದಂತೆ ಹೊಸ ಖನಿಜಗಳು ಕ್ರಮವಾಗಿ ಕಾಣಿಸಿಕೊಳ್ಳುತ್ತವೆ ಎಂದು ಜಾರ್ಜ್ ಬ್ಯಾರೊ 1893ರಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯಿಂದ ತೋರಿಸಿದರು. ಇಂದು ಆ ಕ್ರಮ ಹೀಗಿದೆ: ಕ್ಲೋರೈಟ್, ಬಯೊಟೈಟ್, ಗಾರ್ನೆಟ್, ಸ್ಟಾರೊಲೈಟ್, ಕಯನೈಟ್, ಸಿಲಿಮನೈಟ್. ಒಂದು ಸೂಚಕ ಖನಿಜ ಮೊದಲು ಕಾಣುವ ಸ್ಥಳಗಳನ್ನು ಜೋಡಿಸಿದರೆ ಸಿಗುವುದು ಸಮದರ್ಜೆ ರೇಖೆ. ಸಮೋಷ್ಣ ರೇಖೆ ಗೊತ್ತಿರುವ ಮಕ್ಕಳಿಗೆ ಇದು ಕಷ್ಟವಲ್ಲ.

ನಮ್ಮ ರಾಜ್ಯದ ಬುನಾದಿ ಶಿಲೆಗಳು ಬಹುತೇಕ 250 ಕೋಟಿ ವರ್ಷಗಳಿಗಿಂತ ಹಳೆಯವು. ದಕ್ಷಿಣಕ್ಕೆ ಹೋದಂತೆ ಭೂಕವಚದ ಹೆಚ್ಚು ಆಳದ ಭಾಗ ಸವೆತದಿಂದ ಹೊರಬಂದಿದೆ. ಆದ್ದರಿಂದ ದರ್ಜೆಯೂ ಒಟ್ಟಾರೆ ಏರುತ್ತದೆ.

1. ಚಿತ್ರದುರ್ಗ: ಕೆಳದರ್ಜೆ, ಸುಮಾರು 300ರಿಂದ 500 ಡಿಗ್ರಿ ಸೆಲ್ಸಿಯಸ್. ಹಸಿರು ಕ್ಲೋರೈಟ್ ಹೇರಳ. ಮರಡಿಹಳ್ಳಿಯ ಲಾವಾದಲ್ಲಿ ದಿಂಬಿನ ಆಕಾರ ಇಂದಿಗೂ ಉಳಿದಿದೆ.
2. ಹೊಳೆನರಸೀಪುರ: ಮಧ್ಯಮ ದರ್ಜೆ. ಗಾರ್ನೆಟ್, ಸ್ಟಾರೊಲೈಟ್, ಕಯನೈಟ್ ಸಿಗುತ್ತವೆ.
3. ಕನಕಪುರ ಬಳಿಯ ಕಬ್ಬಾಳದುರ್ಗ: ಉನ್ನತ ದರ್ಜೆ. ಇಲ್ಲಿ ನೈಸ್ ಶಿಲೆ ಚಾರ್ನಕೈಟ್ ಆಗುತ್ತಿರುವುದನ್ನು ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ವರದಿ ಮಾಡಿದರು.

ಹಾಗಾದರೆ ಕೆಳದರ್ಜೆಯ ಗಡಿ ಮೊದಲೆರಡು ಸ್ಥಳಗಳ ನಡುವೆ ಎಲ್ಲೋ ಇರಬೇಕು. ಗೆರೆ ಎಳೆಯುವ ಮುನ್ನ ಮಕ್ಕಳಿಗೆ ಮೂರು ಎಚ್ಚರಿಕೆ ಹೇಳಬೇಕು. ಒಂದು, ಒಂದೇ ಬಗೆಯ ಮೂಲಶಿಲೆಗಳನ್ನು ಮಾತ್ರ ಹೋಲಿಸಬೇಕು. ಬಸಾಲ್ಟ್ ಎಷ್ಟು ಕಾದರೂ ಸಾಮಾನ್ಯವಾಗಿ ಕಯನೈಟ್ ಕೊಡುವುದಿಲ್ಲ. ಅಲ್ಲಿ ಹಾರ್ನ್‌ಬ್ಲೆಂಡನ್ನೂ ಅದರ ಜೊತೆಗಿರುವ ಪ್ಲೇಜಿಯೊಕ್ಲೇಸನ್ನೂ ನೋಡಬೇಕು. ಎರಡು, ಕ್ಲೋರೈಟ್ ಕಂಡ ಮಾತ್ರಕ್ಕೆ ಕೆಳದರ್ಜೆ ಎನ್ನುವಂತಿಲ್ಲ. ಬಿಸಿಯಾಗಿದ್ದ ಶಿಲೆ ತಣಿಯುವಾಗ ನೀರು ಸೇರಿದರೆ ಗಾರ್ನೆಟ್ಟೇ ಅಂಚಿನಿಂದ ಕ್ಲೋರೈಟ್ ಆಗಬಲ್ಲದು. ಮೂರು, ಶಿಲೆ ತಾಜಾ ಇರಬೇಕು. ಮಂಗಳೂರಿನ ಮಕ್ಕಳು ದಿನವೂ ನೋಡುವ ಮುರಕಲ್ಲು ಮಳೆ–ಬಿಸಿಲಿನ ಶಿಥಿಲೀಕರಣದಿಂದ ಆದದ್ದು. ಅದರಲ್ಲಿ ಹಳೆಯ ಖನಿಜಗಳ ಸಾಕ್ಷ್ಯ ಅಳಿಸಿಹೋಗಿರುತ್ತದೆ. ಅದು ರೂಪಾಂತರ ಶಿಲೆಯಲ್ಲ ಎಂದು ಸ್ಪಷ್ಟಪಡಿಸಲು ಇದೇ ಸಂದರ್ಭ.

ಚಟುವಟಿಕೆ: ನಾಲ್ಕು ಮಕ್ಕಳ ಗುಂಪಿಗೊಂದು ರಾಜ್ಯದ ಬಾಹ್ಯರೇಖಾ ನಕ್ಷೆ ಕೊಡಿ. ಮೂರು ಸ್ಥಳಗಳನ್ನು ಗುರುತಿಸಿ, ಸಿಗುವ ಖನಿಜ ಬರೆದು, ಕೆಳದರ್ಜೆಯ ಗಡಿಯನ್ನು ಎಳೆಯಲಿ. ಪ್ರತಿ ಗುಂಪಿನ ಗೆರೆಯೂ ಬೇರೆ ಕಡೆ ಬೀಳುತ್ತದೆ. ಯಾವುದನ್ನೂ ತಪ್ಪೆಂದು ಅಳಿಸಬೇಡಿ. ‘ನಿಮ್ಮ ಗೆರೆ ಸರಿಯೇ ಎಂದು ತಿಳಿಯಲು ಮುಂದಿನ ಕಲ್ಲನ್ನು ಎಲ್ಲಿಂದ ತರುತ್ತೀರಿ?’ ಎಂದು ಕೇಳಿ. ಭೂವಿಜ್ಞಾನಿಯೂ ಪುರಾವೆ ಇರುವಲ್ಲಿ ಗಟ್ಟಿ ಗೆರೆ, ಊಹೆ ಇರುವಲ್ಲಿ ತುಂಡು ಗೆರೆ ಎಳೆಯುತ್ತಾನೆ. ಈ ವ್ಯತ್ಯಾಸವನ್ನು ಮಗು ತನ್ನ ನಕ್ಷೆಯಲ್ಲಿ ತೋರಿಸಿದರೆ ಕಲಿಕಾಂಶ ಈಡೇರಿದಂತೆ.