‘ಆಬ್ಜೆಕ್ಷನ್’ ಕೊಟ್ಟರೆ ಕಾರ್ಖಾನೆಯ ವಿರೋಧಿ ಆದಂತೆಯೇ? ಪದದ ಅರ್ಥ ಇಲ್ಲಿದೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ನೆಲದಡಿ ಸುಣ್ಣದಕಲ್ಲು ಇದೆ. ಹೀಗಾಗಿ ಇಲ್ಲಿನವರಿಗೆ ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ ಹೊಸದಲ್ಲ. ದೊಡ್ಡ ಗಣಿ ಅಥವಾ ಕಾರ್ಖಾನೆ ಶುರುವಾಗುವ ಮೊದಲು ಸಾಮಾನ್ಯವಾಗಿ ‘ಸಾರ್ವಜನಿಕ ಆಲಿಕೆ ಸಭೆ’ ಕರೆಯುತ್ತಾರೆ. ‘ಸಲಹೆ, ಆಕ್ಷೇಪಣೆ ಸಲ್ಲಿಸಬಹುದು’ ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ. ಈ ‘ಆಕ್ಷೇಪಣೆ’, ಅಂದರೆ ಆಬ್ಜೆಕ್ಷನ್ ಎಂದರೇನು? ಒಂದೊಂದಾಗಿ ನೋಡೋಣ.

ಪದದ ಅರ್ಥವೇನು?

ಇಂಗ್ಲಿಷಿನ ‘ಆಬ್ಜೆಕ್ಟ್’ ನಾಮಪದವಾದರೆ ‘ವಸ್ತು’. ಆಗ ಒತ್ತು ಮೊದಲ ಭಾಗದ ಮೇಲೆ. ಕ್ರಿಯಾಪದವಾದರೆ ‘ಆಕ್ಷೇಪಿಸು’. ಆಗ ಒತ್ತು ‘ಜೆಕ್ಟ್’ ಮೇಲೆ. ಇದರ ಲ್ಯಾಟಿನ್ ಮೂಲಕ್ಕೆ ‘ಎದುರಿಗೆ ಎಸೆ’ ಎಂಬ ಅರ್ಥವಿದೆ. ನಮ್ಮ ‘ಆಕ್ಷೇಪ’ ಪದದಲ್ಲೂ ‘ಎಸೆ’ ಎಂಬ ಅರ್ಥದ ಸಂಸ್ಕೃತ ಧಾತುವೇ ಇದೆ. ಕ್ಷಿಪಣಿ ಬಂದದ್ದೂ ಅದರಿಂದಲೇ. ನಮ್ಮ ಕಡೆ ತಹಸೀಲ್ ಕಚೇರಿಯಲ್ಲಿ ಕೇಳುವ ‘ತಕರಾರು’ ಅರಬ್ಬಿ ಮೂಲದ್ದು. ಅಲ್ಲಿ ಅದರ ಅರ್ಥ ‘ಮತ್ತೆ ಮತ್ತೆ ಹೇಳುವುದು’.

ಆಬ್ಜೆಕ್ಟ್, ಅಪೋಸ್ ಎರಡೂ ಒಂದೇನಾ?

ಹತ್ತಿರದ ಪದಗಳು, ಆದರೆ ಒಂದೇ ಅಲ್ಲ. ‘ಅಪೋಸ್’ ಎಂದರೆ ವಿರೋಧಿಸು, ಎದುರು ನಿಲ್ಲು. ‘ಆಬ್ಜೆಕ್ಟ್’ ಎಂದರೆ ಇದು ಸರಿಯಿಲ್ಲ, ಒಪ್ಪುವುದಿಲ್ಲ ಎಂದು ಹೇಳು. ಇಡೀ ಯೋಜನೆಗೂ ಆಕ್ಷೇಪಿಸಬಹುದು, ಅದರ ಒಂದು ಅಂಶಕ್ಕಷ್ಟೇ ಆಕ್ಷೇಪಿಸಬಹುದು. ‘ಕಾರ್ಖಾನೆ ಬರಲಿ, ಆದರೆ ಲಾರಿಗಳು ಶಾಲೆ ಮುಂದೆ ಹೋಗಬಾರದು’ ಎನ್ನುವುದೂ ಆಬ್ಜೆಕ್ಷನ್ನೇ. ಕೆಲಸ ಬೇಕು, ಧೂಳು ಬೇಡ ಎನ್ನುವವರಿಗೂ ಅಲ್ಲಿ ಜಾಗವಿದೆ.

ಇಂಗ್ಲಿಷಿನಲ್ಲಿ ಬರೆಯುವಾಗ ‘ವಿ ಆಬ್ಜೆಕ್ಟ್ ದಿಸ್ ರೂಟ್’ ತಪ್ಪು, ‘ವಿ ಆಬ್ಜೆಕ್ಟ್ ಟು ದಿಸ್ ರೂಟ್’ ಸರಿ. ‘ಅಪೋಸ್’ಗೆ ಈ ‘ಟು’ ಬೇಡ. ಹಾಗೆಂದು ಇಂಗ್ಲಿಷಿನಲ್ಲೇ ಹೇಳಬೇಕಾಗಿಲ್ಲ, ಕನ್ನಡದಲ್ಲೇ ಹೇಳಬಹುದು.

ಜನ ಹೋಗದಿದ್ದರೆ ಸಭೆ ರದ್ದಾಗುತ್ತದೆಯೇ?

ಇಲ್ಲ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಗೆ ಇಷ್ಟೇ ಜನ ಇರಬೇಕೆಂಬ ಕೋರಂ ಇಲ್ಲ. ಸಭೆಗೆ ಕನಿಷ್ಠ 30 ದಿನ ಮೊದಲು ತಿಳಿಸಬೇಕು. ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ, ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಪೂರ್ತಿ ಸಭೆಯ ವಿಡಿಯೋ ಆಗಬೇಕು. ಜನ ಹೇಳಿದ್ದರ ಸಾರಾಂಶವನ್ನು ಕೊನೆಗೆ ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು. ನಿಮ್ಮ ಮಾತು ಅದರಲ್ಲಿ ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಕೇಳಿ.

ಸಹಿ ಹಾಕಿದರೆ ಒಪ್ಪಿಗೆ ಕೊಟ್ಟಂತೆಯೇ?

ಯಾವ ಕಾಗದಕ್ಕೆ ಸಹಿ ಎಂಬುದು ಮುಖ್ಯ. ಸಭೆಯ ಹಾಜರಿ ಪಟ್ಟಿ ನೀವು ಬಂದಿದ್ದಿರಿ ಎನ್ನುತ್ತದೆ, ಒಪ್ಪಿದಿರಿ ಎನ್ನುವುದಿಲ್ಲ. ಎನ್‌ಒಸಿ ಬೇರೆ. ಅದು ‘ನಿರಾಕ್ಷೇಪಣಾ ಪತ್ರ’, ಅಂದರೆ ‘ನನ್ನದೇನೂ ತಕರಾರಿಲ್ಲ’ ಎಂದು ಬರೆದುಕೊಟ್ಟಂತೆ. ಓದದೆ, ಓದಿಸಿ ಕೇಳದೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ.

ಹೆಚ್ಚು ಆಕ್ಷೇಪ ಬಂದರೆ ಯೋಜನೆ ನಿಲ್ಲುತ್ತದೆಯೇ?

ತಾನಾಗಿಯೇ ನಿಲ್ಲುವುದಿಲ್ಲ. ಇದು ವೋಟಿಂಗ್ ಅಲ್ಲ. ಜನರ ಮಾತು, ಅದಕ್ಕೆ ಕಂಪನಿಯ ಉತ್ತರ ಎರಡೂ ತಜ್ಞರ ಸಮಿತಿಯ ಮುಂದೆ ಹೋಗುತ್ತವೆ. ಹಾಗಾಗಿ ‘ಬೇಡ’ ಎಂದಷ್ಟೇ ಬರೆಯುವುದಕ್ಕಿಂತ ಯಾವ ಊರು, ಯಾವ ಬಾವಿ, ಯಾವ ರಸ್ತೆ, ಏನು ತೊಂದರೆ, ಏನು ಮಾಡಬೇಕು ಎಂದು ಬರೆಯಿರಿ. ಸಭೆಗೆ ಹೋಗಲಾಗದವರು ಲಿಖಿತವಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬಹುದು. ಒಂದು ಪ್ರತಿ ನಿಮ್ಮ ಬಳಿ ಇರಲಿ.

ನೆನಪಿರಲಿ: ಗ್ರೂಪಿನಲ್ಲಿ ಹಾಕಿದ ಸಿಟ್ಟಿನ ಮೆಸೇಜ್ ಸಭೆಯ ದಾಖಲೆಗೆ ಸೇರುವುದಿಲ್ಲ. ಪ್ರಕಟಣೆ ಫಾರ್ವರ್ಡ್ ಮಾಡುವಾಗ ಸಭೆಯ ದಿನಾಂಕ, ಜಾಗ ಎರಡೂ ಕಾಣುವಂತೆ ಕಳಿಸಿ.